ದೇವೇಂದ್ರಪ್ಪನವರ ಧ್ವನಿ ಮತ್ತು ಎರಡನೇ ಕಂಪ್ಯೂಟರ್

ದೇವೇಂದ್ರಪ್ಪನವರ ಮುಖವನ್ನು ನೀವು ನೋಡಿರಲಿಕ್ಕಿಲ್ಲ. ಧ್ವನಿಯನ್ನು ಮಾತ್ರ ಕೇಳಿಯೇ ಇರುತ್ತೀರಿ. ಮಗುವಿಗೆ ಲಸಿಕೆ ಹಾಕಿಸಿ, ಬೆಳೆಗೆ ವಿಮೆ ಮಾಡಿಸಿ, ಗಾಡಿ ಓಡಿಸುವಾಗ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಸರ್ಕಾರ ಕನ್ನಡದಲ್ಲಿ ಬುದ್ಧಿ ಹೇಳಿದಾಗಲೆಲ್ಲ, ಹೇಳುತ್ತಿದ್ದವರು ಬಹುಮಟ್ಟಿಗೆ ಅವರೇ. ಬೆಂಗಳೂರಿನಲ್ಲಿ ಯಾರೋ ಕೂತು ಹೇಳಿದ್ದು ಎಂದುಕೊಂಡಿದ್ದರೆ ನೀವೂ ಎಲ್ಲರ ಹಾಗೆ ಮೋಸಹೋಗಿದ್ದೀರಿ. ಅದೆಲ್ಲ ದೆಹಲಿಯಲ್ಲಿ, ಪೀತಮ್‌ಪುರದ ಒಂದು ಮನೆಯ ನೆಲಮಾಳಿಗೆಯಲ್ಲಿ ಆಗುತ್ತಿದ್ದದ್ದು.

ಹೇಗೆಂದರೆ, ಸರ್ಕಾರಿ ಚಿತ್ರ ಮೊದಲು ಹಿಂದಿಯಲ್ಲಿ ತಯಾರಾಗುತ್ತದೆ. ಆಮೇಲೆ ಅದೇ ವಾರದಲ್ಲಿ ಉಳಿದ ಭಾಷೆಗಳಿಗೂ ಬೇಕು ಎಂದು ಮೇಲಿನವರ ಹುಕುಂ ಬರುತ್ತದೆ. ಅಷ್ಟು ಬೇಗ ಯಾರನ್ನು ಎಲ್ಲಿಂದ ಕರೆಸುವುದು? ದೆಹಲಿಯಲ್ಲೇ ಹುಡುಕಬೇಕು. ಹಾಗಾಗಿ ನಮ್ಮ ಸ್ಟುಡಿಯೋದ ತಮಿಳು ಧ್ವನಿ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿತ್ತು, ಮಲಯಾಳಂ ಧ್ವನಿ ಒಬ್ಬ ನರ್ಸ್, ಒಡಿಯಾ ಧ್ವನಿ ಪಿಎಚ್.ಡಿ. ಮುಗಿಸಲು ಮನಸ್ಸಿಲ್ಲದ ವಿದ್ಯಾರ್ಥಿ. ಕನ್ನಡದ್ದು ದೇವೇಂದ್ರಪ್ಪ, ಹರಪನಹಳ್ಳಿ ಕಡೆಯವರು, ಒಂದು ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು.

ನಾನು ಸರಳಾ. ಮನೆ ಜನಕಪುರಿಯಲ್ಲಿ. ಹಿಂದಿ ಸ್ಕ್ರಿಪ್ಟನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ರೆಕಾರ್ಡಿಂಗ್ ದಿನ ಸ್ಟುಡಿಯೋದಲ್ಲಿ ಕೂತು, ಯಾರಾದರೂ ತಪ್ಪು ಓದಿದರೆ ಗಾಜಿಗೆ ಬಡಿದು ನಿಲ್ಲಿಸುವುದೂ ನನ್ನದೇ ಕೆಲಸ. ನಿಜ ಹೇಳಬೇಕೆಂದರೆ ಈ ಎರಡನೆಯದೇ ನನಗೆ ಹೆಚ್ಚು ಇಷ್ಟ. ಆದರೆ ದೇವೇಂದ್ರಪ್ಪನವರ ವಿಷಯದಲ್ಲಿ ಆ ಸುಖ ನನಗೆ ಸಿಕ್ಕಿದ್ದು ಬಹಳ ಕಡಿಮೆ. ಅವರು ತಪ್ಪು ಓದುತ್ತಿರಲಿಲ್ಲ. ನಾನು ಅವಸರದಲ್ಲಿ ಕೆಟ್ಟದಾಗಿ ಬರೆದ ವಾಕ್ಯವನ್ನೂ ಅವರು ಓದಿದರೆ ಬೇಕೆಂದೇ ಹಾಗೆ ಬರೆದ ಹಾಗೆ ಕೇಳಿಸುತ್ತಿತ್ತು.

ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಮೈಕು ಕೆಟ್ಟುಹೋದಾಗ, ಕೊನೆಯ ಸಾಲಿಗೂ ಕೇಳುವ ಹಾಗೆ ನಿರೂಪಣೆ ಮಾಡಿದರಂತೆ. ಅಲ್ಲಿದ್ದ ಯಾರೋ ಅವರನ್ನು ಸ್ಟುಡಿಯೋಗೆ ಕರೆದುಕೊಂಡು ಬಂದರು. ಅಂದಿನಿಂದ ಮನುಷ್ಯ ತನ್ನ ಗಂಟಲನ್ನು ಮನೆದೇವರ ಹಾಗೆ ನೋಡಿಕೊಂಡರು. ಮದುವೆ ಮನೆಯಲ್ಲಿ ಐಸ್‌ಕ್ರೀಂ ಮುಟ್ಟುವುದಿಲ್ಲ. ದಸರಾದಿಂದ ಹೋಳಿಯವರೆಗೆ ಕತ್ತಿಗೆ ಮಫ್ಲರ್. ಜೇಬಿನಲ್ಲಿ ಕಾಳುಮೆಣಸು. ಬಸ್ಸಿನಲ್ಲಿ ಕಂಡಕ್ಟರನಿಗೆ ನಿಲ್ದಾಣದ ಹೆಸರು ಹೇಳುವಾಗಲೂ ದೇಶಕ್ಕೆಲ್ಲ ಪ್ರಕಟಣೆ ಹೊರಡಿಸುವ ಗತ್ತು. ನಾನು ಎಷ್ಟೋ ಸಲ ಆ ಗತ್ತನ್ನು ಆಡಿಕೊಂಡು ನಕ್ಕಿದ್ದೇನೆ, ಅವರ ಎದುರಿಗೇ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಆಫೀಸಲ್ಲಿ ನನ್ನ ಸಹಿಗೆ ಬೆಲೆ ಇಲ್ಲ, ಮೇಡಂ. ಮೇಲೆ ಇನ್ನೂ ನಾಲ್ಕು ಸಹಿ ಬೀಳಬೇಕು. ಇಲ್ಲಿ ನಾನು ಹೇಳಿದ್ದೇ ಕೊನೆ," ಎನ್ನುತ್ತಿದ್ದರು.

ಒಮ್ಮೆ ಊರಿಗೆ ಹೋದಾಗ ಹರಿಹರದ ಬಸ್ ನಿಲ್ದಾಣದಲ್ಲಿ ಟೀವಿಯಲ್ಲಿ ಅವರದೇ ಧ್ವನಿ ಬರುತ್ತಿತ್ತಂತೆ. ಅದರ ಕೆಳಗೇ ಹೋಗಿ ನಿಂತರಂತೆ. ಯಾರೂ ತಿರುಗಿ ನೋಡಲಿಲ್ಲ. ಹೇಗೆ ನೋಡುತ್ತಾರೆ? ಇದನ್ನು ಹೇಳುವಾಗ ಅವರ ಮುಖದಲ್ಲಿ ನಿರಾಸೆ ಇರಲಿಲ್ಲ, ಕಳ್ಳನ ಖುಷಿ ಇತ್ತು.

ನಿವೃತ್ತಿಯಾದ ಮರುವರ್ಷ ಹಲ್ಲು ಕೈಕೊಟ್ಟವು. ಮೇಲಿನ ಸಾಲು ಪೂರ್ತಿ ತೆಗೆಸಿ ಕಟ್ಟಿಸಿದ ಹಲ್ಲು ಹಾಕಿಸಿಕೊಂಡರು. ಮೊದಲ ದಿನ ಬಂದು ಓದಿದಾಗ ನಾನು ಗಾಜಿನ ಈಚೆ ಕೂತಿದ್ದೆ. ಸ ಬಂದ ಕಡೆ ಸಿಳ್ಳೆ. ಶ ಬಂದ ಕಡೆ ಇನ್ನೂ ದೊಡ್ಡ ಸಿಳ್ಳೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ದನಿ ಇಳಿದು, ಸಣ್ಣಗೆ ನಡುಗುತ್ತಿತ್ತು. ಹಲ್ಲಿನ ಗಲಾಟೆಯಲ್ಲಿ ವಯಸ್ಸೂ ಒಳಗೆ ನುಗ್ಗಿತ್ತು.

ನನ್ನ ಪಕ್ಕದಲ್ಲಿ ಕೂತಿದ್ದವನು ತಿಪ್ಪೇಸ್ವಾಮಿ, ಸ್ಟುಡಿಯೋದ ಸೌಂಡ್ ಎಂಜಿನಿಯರ್. ಚಳ್ಳಕೆರೆಯವನು, ಕೆಲಸ ಹುಡುಕಿಕೊಂಡು ಬಂದು ಪೀತಮ್‌ಪುರದಲ್ಲೇ ಸ್ಟುಡಿಯೋ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದ. ಅವನು ಕಂಪ್ಯೂಟರಿನ ಕಡೆ ಬಾಗಿದ. ಸ್ಟುಡಿಯೋದ ಮಾಲೀಕ ಗುಲಾಟಿ ಆ ತಿಂಗಳಷ್ಟೇ ತರಿಸಿದ್ದ ಹೊಸ ಪೆಟ್ಟಿಗೆಯ ಗುಬುಟುಗಳನ್ನು, ಅಂದರೆ ಪರದೆಯ ಮೇಲೆ ಕಾಣುವ ಅದರ ಗುಬುಟುಗಳನ್ನು, ಒಂದೊಂದಾಗಿ ತಿರುಗಿಸತೊಡಗಿದ.

ಈ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ನೋಡಲು ಒಂದು ದಪ್ಪ ಪುಸ್ತಕದಷ್ಟು. ಮುಂದೆ ಒಂದು ನೀಲಿ ದೀಪ, ಹಿಂದೆ ಒಂದು ತಂತಿ. ಆ ತಂತಿ ಕಂಪ್ಯೂಟರಿಗೆ ಹೋಗುತ್ತದೆ. ಆಗಿನ ಕಂಪ್ಯೂಟರುಗಳಿಗೆ ಧ್ವನಿಯ ಸೂಕ್ಷ್ಮ ಕೆಲಸವೆಲ್ಲ ಮಾಡುವ ತ್ರಾಣ ಇರಲಿಲ್ಲ, ಅರ್ಧಕ್ಕೆ ನಿಂತುಬಿಡುತ್ತಿದ್ದವು. ಆ ಭಾರವನ್ನು ಪೆಟ್ಟಿಗೆ ಹೊರುತ್ತಿತ್ತು. ಕಂಪ್ಯೂಟರು ಧ್ವನಿಯನ್ನು ಅದಕ್ಕೆ ಕೊಟ್ಟರೆ, ಸಿಳ್ಳೆಯನ್ನು ಅದುಮಿ, ಇಳಿದ ಉಸಿರನ್ನು ಎತ್ತಿ, ಎದೆಯ ಗುಂಗು ಸೇರಿಸಿ ವಾಪಸ್ ಕೊಡುತ್ತಿತ್ತು. ಗುಲಾಟಿ ಅದನ್ನು ಡಬ್ಬಾ ಎನ್ನುತ್ತಿದ್ದ. ನಾವೂ ಹಾಗೇ ಕರೆದೆವು. ತಿಪ್ಪೇಸ್ವಾಮಿ ಡಬ್ಬಾದಿಂದ ಹಾಯಿಸುವುದಕ್ಕೆ 'ತೊಳೆಯುವುದು' ಎನ್ನುತ್ತಿದ್ದ.

ಆ ದಿನ ದೇವೇಂದ್ರಪ್ಪ ಓದಿ ಮುಗಿಸಿ ಹೊರಗೆ ಬಂದು ಎಂದಿನಂತೆ, "ಹಾಕಪ್ಪ, ಕೇಳೋಣ," ಎಂದರು. ಓದುವಾಗ ಅವರು ಕಿವಿಗೆ ಹೆಡ್‌ಫೋನ್ ಹಾಕುತ್ತಿರಲಿಲ್ಲ, ಸಂಘದ ವೇದಿಕೆಯಲ್ಲಿ ನಿಂತು ಕಲಿತವರು. ಹಾಗಾಗಿ ತಮ್ಮ ಧ್ವನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಎನ್ನುವುದು ಅವರಿಗೆ ಗೊತ್ತಾಗುತ್ತಿದ್ದದ್ದು ಈ ಹೊತ್ತಿನಲ್ಲೇ. ತಿಪ್ಪೇಸ್ವಾಮಿ ಹಾಕಿದ. ಸ್ಪೀಕರಿನಿಂದ ಬಂದದ್ದು ಹಳೆಯ ದೇವೇಂದ್ರಪ್ಪ. ಸಿಳ್ಳೆಯಿಲ್ಲ, ನಡುಕವಿಲ್ಲ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಮಫ್ಲರ್ ಸರಿಮಾಡಿಕೊಂಡು, "ನೋಡಿದ್ರಾ ಮೇಡಂ? ಹಲ್ಲು ಹೋದ್ರೂ ಧ್ವನಿ ಹೋಗಿಲ್ಲ. ನಾನು ಹೆದರಿಬಿಟ್ಟಿದ್ದೆ," ಎಂದರು.

ಅಷ್ಟು ಹೇಳಿದ ಮೇಲೆ ಯಾವ ಬಾಯಲ್ಲಿ ಹೇಳುವುದು? ತಿಪ್ಪೇಸ್ವಾಮಿ ನನ್ನ ಮುಖ ನೋಡಿದ, ನಾನು ಸ್ಕ್ರಿಪ್ಟ್ ನೋಡಿದೆ. ಆ ದಿನದಿಂದ ಅದು ನಮ್ಮಿಬ್ಬರ ನಡುವಿನ ಗುಟ್ಟಾಯಿತು. ನಾನೂ ಆದಷ್ಟು ಸ, ಶ ಬರುವ ಪದಗಳನ್ನು ತಪ್ಪಿಸಿ ನನ್ನ ಕೈಲಾದದ್ದು ಮಾಡಿದೆ. ಆಸ್ಪತ್ರೆ ಎನ್ನುವ ಕಡೆ ದವಾಖಾನೆ ಎಂದು ಬರೆದೆ, ಔಷಧಿಯನ್ನು ಮದ್ದು ಮಾಡಿದೆ. "ಏನ್ ಮೇಡಂ, ಇತ್ತೀಚೆಗೆ ನಿಮ್ಮ ಕನ್ನಡ ಬಹಳ ಹಳ್ಳಿ ಕಡೆ ಹೊರಟಿದೆ?" ಎಂದು ಅವರು ಒಮ್ಮೆ ಕೇಳಿದರು. ಜನರಿಗೆ ಹತ್ತಿರವಾಗಲಿ ಅಂತ ಎಂದೆ.

ಡಬ್ಬಾ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿದ್ದಷ್ಟು ಕಾಲ ಎಲ್ಲ ಚೆನ್ನಾಗಿತ್ತು. 2007ರ ಬೇಸಿಗೆಯಲ್ಲಿ ಕೆಲಸ ಜಾಸ್ತಿಯಾಗಿ ಗುಲಾಟಿ ಇನ್ನೊಂದು ಕಂಪ್ಯೂಟರ್ ತಂದು ಪಕ್ಕದ ಕೋಣೆಯಲ್ಲಿ ಇಟ್ಟ. ಎರಡನೇ ಡಬ್ಬಾ ಮಾತ್ರ ತರಲಿಲ್ಲ. ತಂತ್ರಾಂಶವನ್ನು ಎರಡೂ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಪರವಾನಗಿ ಇರುವುದು ಡಬ್ಬಾದ ಹೊಟ್ಟೆಯೊಳಗೇ, ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೆ ಅಲ್ಲಿ ಕೆಲಸ ಮಾಡುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಅದು ನಿಜವೇ. ಆದರೆ ಒಂದು ಸಲಕ್ಕೆ ಒಂದೇ ಕಂಪ್ಯೂಟರು. ತಿಪ್ಪೇಸ್ವಾಮಿ ನಡುವೆ ತಂತಿಯನ್ನು ಕವಲು ಮಾಡುವ ಒಂದು ಹಬ್ ಇಟ್ಟು ಎರಡಕ್ಕೂ ಒಟ್ಟಿಗೆ ಜೋಡಿಸಿ ನೋಡಿದ. ಡಬ್ಬಾಕ್ಕೆ ಯಾರ ಮಾತು ಕೇಳಬೇಕೆಂದು ತಿಳಿಯದೆ ನೀಲಿ ದೀಪ ಮಿಟುಕಿಸುತ್ತ ಕೂತುಬಿಟ್ಟಿತು. ತಂತಿ ಬದಲಿಸುವುದೂ ಸುಲಭವಿರಲಿಲ್ಲ. ಆನ್ ಇರುವಾಗಲೇ ಕಿತ್ತು ಸಿಕ್ಕಿಸಿದರೆ ತಂತಿ ಕೂರುವ ಪೋರ್ಟು ಸುಟ್ಟುಹೋಗುವ ಭಯ, ಆ ಕಸುಬಿನವರೆಲ್ಲ ಒಮ್ಮೆಯಾದರೂ ಸುಟ್ಟುಕೊಂಡವರೇ. ಹಾಗಾಗಿ ಎರಡನ್ನೂ ಆರಿಸಿ, ಡಬ್ಬಾ ಎತ್ತಿಕೊಂಡು ಆ ಕೋಣೆಗೆ ಹೋಗಿ, ಸಿಕ್ಕಿಸಿ, ಮತ್ತೆ ಎರಡನ್ನೂ ಹೊತ್ತಿಸಬೇಕು. ದಿನಕ್ಕೆ ಎಷ್ಟು ಸಲವೋ.

ಇದರಲ್ಲಿ ತಿಪ್ಪೇಸ್ವಾಮಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ಒಂದು ಅಪಾಯವಿತ್ತು. ಡಬ್ಬಾ ಮೂಲ ಧ್ವನಿಯನ್ನು ಮುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಕೂತಿರುವುದು ಸಿಳ್ಳೆಯ ಸಮೇತ ಇರುವ ಧ್ವನಿಯೇ, ಕೇಳಿಸುವಾಗ ಡಬ್ಬಾ ಅದನ್ನು ಆ ಕ್ಷಣದಲ್ಲಿ ತೊಳೆದು ಕೊಡುತ್ತದೆ ಅಷ್ಟೇ. ಅದೇ ಫೈಲನ್ನು ಡಬ್ಬಾ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಸಾಧನ ಸಿಗುತ್ತಿಲ್ಲ ಎಂದು ಒಂದು ಸಂದೇಶ ಬಂದು, ಬರಿಯ ಧ್ವನಿ ಬರುತ್ತದೆ. ಅದಕ್ಕೇ ಅವನು ದೇವೇಂದ್ರಪ್ಪನವರದನ್ನು ಮಾತ್ರ ಮೊದಲೇ ತೊಳೆದ ಪ್ರತಿಯೊಂದನ್ನು ಮಾಡಿ ಇಡುತ್ತಿದ್ದ. ಉಳಿದ ಭಾಷೆಯವರಿಗೆ ಆ ಉಪಚಾರ ಇರಲಿಲ್ಲ.

ಆ ವರ್ಷದ ಚಳಿಗಾಲದ ಮೊದಲಿಗೆ ಒಂದು ದೊಡ್ಡ ಕೆಲಸ ಬಂತು. ಮುದುಕರ ಆರೋಗ್ಯದ ಬಗ್ಗೆ ಹದಿಮೂರು ಕಂತಿನ ರೇಡಿಯೋ ಸರಣಿ. ಹದಿಮೂರಕ್ಕೂ ಒಂದೇ ಧ್ವನಿ ಇರಬೇಕು ಎಂದು ಇಲಾಖೆಯವರ ಷರತ್ತು. ದೇವೇಂದ್ರಪ್ಪನವರಿಗೆ ಇಷ್ಟು ದೊಡ್ಡ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಅಲ್ಲಿಯವರೆಗಿನದೆಲ್ಲ ಅರ್ಧ ನಿಮಿಷ, ಒಂದು ನಿಮಿಷದ ಉಪದೇಶಗಳು. "ಇದೊಂದು ಮುಗಿಸಿದರೆ ಸಾಕು ಮೇಡಂ, ಆಮೇಲೆ ನೀವು ಬೇಡ ಅಂದ್ರೂ ನನಗೆ ಬೇಜಾರಿಲ್ಲ," ಎಂದಿದ್ದರು. ಐದು ಕಂತು ಆಗಿತ್ತು. ಆರನೆಯದನ್ನು ಒಂದು ದಿನ ಬೆಳಿಗ್ಗೆ ಓದಿ ಮುಗಿಸಿದರು.

ಮಧ್ಯಾಹ್ನ ತಿಪ್ಪೇಸ್ವಾಮಿ ಊಟಕ್ಕೆ ಹೋಗಿದ್ದ. ಡಬ್ಬಾವನ್ನು ತಮಿಳಿನ ಕೆಲಸಕ್ಕೆಂದು ಪಕ್ಕದ ಕೋಣೆಗೆ ಒಯ್ದಾಗಿತ್ತು, ಆರನೇ ಕಂತಿನ ತೊಳೆದ ಪ್ರತಿ ಇನ್ನೂ ಆಗಿರಲಿಲ್ಲ. ಓದಿದ್ದನ್ನು ಕೇಳಲು ದೇವೇಂದ್ರಪ್ಪ ಕಾಯುತ್ತ ಕೂತಿದ್ದರು. ಗುಲಾಟಿ ಒಳಗೆ ಬಂದವನು ತನ್ನ ಹಿಂದಿಯಲ್ಲಿ ಧಾರಾಳವಾಗಿ, "ಅರೇ, ಅದಕ್ಕೆ ತಿಪ್ಪೇ ಯಾಕೆ ಬೇಕು? ನಾನೇ ಹಾಕ್ತೀನಿ, ಸುನಿಯೇ ಸಾಹೇಬ್," ಎಂದು ಕಂಪ್ಯೂಟರಿನ ಮುಂದೆ ಕೂತ. ನಾನು ಬೇಡ ಎನ್ನುವಷ್ಟರಲ್ಲಿ ಸಂದೇಶ ಬಂತು. ಗುಲಾಟಿ ಸಂದೇಶ ಓದುವ ಪೈಕಿಯಲ್ಲ. ಓಕೆ ಒತ್ತಿದ.

"ಮೊಣಕಾಲಿನ ನೋವು ವಯಸ್ಸಿನ ಸಹಜ ಲಕ್ಷಣವೆಂದು ಸುಮ್ಮನಿರಬೇಡಿ..." ಸ್ಪೀಕರಿನಿಂದ ಸಿಳ್ಳೆಯ ಮೇಲೆ ಸಿಳ್ಳೆ ಹೊರಟಿತು. ನಡುಗುವ, ಏದುಸಿರಿನ, ಯಾರೋ ಮುದುಕರ ಧ್ವನಿ.

ದೇವೇಂದ್ರಪ್ಪ ಹುಬ್ಬು ಗಂಟಿಕ್ಕಿದರು. ನನ್ನ ಕಡೆ ತಿರುಗಿದರು. "ಇದು ನನ್ನ ಸ್ಕ್ರಿಪ್ಟು. ಇನ್ನೊಬ್ಬರ ಕೈಲಿ ಓದಿಸಿ ನೋಡ್ತಿದೀರಾ?" ಮುಖ ಕೆಂಪಾಗಿತ್ತು. "ನನ್ನನ್ನ ತೆಗೆದುಹಾಕೋ ಹಾಗಿದ್ರೆ ನೇರವಾಗಿ ಹೇಳ್ಬೇಕು, ಮೇಡಂ. ಅದೂ ಎಲ್ಲಾ ಬಿಟ್ಟು ಈ ಮುದುಕನ ಕೈಲಾ? ಹೊಸಬರೇ ಬೇಕು ಅಂದ್ರೆ ಒಬ್ಬ ಹುಡುಗನ್ನಾದ್ರೂ ಕರೀಬಾರದಾ?"

ಗುಲಾಟಿಗೆ ಕನ್ನಡ ತಿಳಿಯದು, ನಿಲ್ಲಿಸಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಸ್ಪೀಕರಿನ ಮುದುಕ ಇನ್ನೆರಡು ವಾಕ್ಯ ಓದಿದ, ಕೆಮ್ಮಿದ, ಆಮೇಲೆ, "ತಿಪ್ಪೇಸ್ವಾಮಿ, ಸ್ವಲ್ಪ ಬಿಸಿನೀರು ತರಿಸಪ್ಪ, ಗಂಟಲು ಕಟ್ತಾ ಇದೆ," ಎಂದ.

ಆ ಬಿಸಿನೀರಿನ ಲೋಟ ಇನ್ನೂ ಮೇಜಿನ ಮೇಲೆಯೇ ಇತ್ತು.

ನಾನು ಅವರ ಮುಖ ನೋಡಬಾರದೆಂದುಕೊಂಡೆ, ಆದರೂ ನೋಡಿದೆ. ಸಿಟ್ಟು ಒಮ್ಮೆಗೇ ಇಳಿದುಹೋಗಿ, ಆ ಜಾಗಕ್ಕೆ ಏನೂ ಬಂದಿರಲಿಲ್ಲ. ತಿಪ್ಪೇಸ್ವಾಮಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಿದ್ದ. ದೇವೇಂದ್ರಪ್ಪ ಅವನನ್ನು ಕೇಳಿದ್ದು ಒಂದೇ: "ಯಾವಾಗಿನಿಂದ?"

"ಹಲ್ಲು ಕಟ್ಟಿಸಿಕೊಂಡು ಬಂದ್ರಲ್ಲ ಸರ್, ಆವತ್ತಿನಿಂದ."

ಅವರು ಕೋಟಿನ ಗುಂಡಿ ಹಾಕಿಕೊಂಡರು, ನಮಗೆಲ್ಲ ಕೈಮುಗಿದರು, ಮೆಟ್ಟಿಲು ಹತ್ತಿ ಹೊರಟುಹೋದರು. ಕೈಮುಗಿದದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರವಾಗುತ್ತಿದ್ದೆ.

ಮುಂದಿನ ರೆಕಾರ್ಡಿಂಗಿಗೆ ಅವರು ಬರಲಿಲ್ಲ. ದ್ವಾರಕಾದ ಅವರ ಮನೆಗೆ ಫೋನ್ ಮಾಡಿದರೆ ಎತ್ತಿಕೊಂಡವರು ಹೆಂಡತಿ ಸುಶೀಲಮ್ಮ. "ಏನ್ ಮಾಡಿದ್ರಿ ನೀವು ಅವರಿಗೆ? ಮನೇಲಿ ಬಾಯೇ ಬಿಡ್ತಿಲ್ಲ. ಕಾಫಿ ಬೇಕಾ ಅಂದ್ರೆ ತಲೆ ಆಡಿಸ್ತಾರೆ. ತರಕಾರಿ ಮಾರೋ ಸಬ್ಜಿ ಭಯ್ಯಾನ ಹತ್ರ ಜಗಳ ಆಡೋದಕ್ಕೂ ನನ್ನನ್ನೇ ಕಳಿಸ್ತಾರೆ," ಎಂದು ಅವರು ಒಂದೇ ಉಸಿರಿಗೆ ಹೇಳಿದರು. ನಾನು ನಡೆದದ್ದನ್ನು ಹೇಳಿದೆ. "ಸಿಳ್ಳೆನಾ? ಹೌದಲ್ಲ, ಬರುತ್ತೆ. ಅದರಲ್ಲೇನಿದೆ?" ಎಂದರು. ಅವರ ಮನೆಯಲ್ಲಿ ಡಬ್ಬಾ ಇಲ್ಲ. ಎರಡು ವರ್ಷದಿಂದ ಅವರು ಕೇಳುತ್ತಿದ್ದದ್ದು ಆ ಧ್ವನಿಯನ್ನೇ ಎನ್ನುವುದು ನನ್ನ ತಲೆಗೆ ಬಂದಿರಲೇ ಇಲ್ಲ.

ಗುಲಾಟಿ ಕಾಯುವವನಲ್ಲ. ಮನೋಜ್ ಎಂಬ ವಿಶ್ವವಿದ್ಯಾಲಯದ ಹುಡುಗನನ್ನು ಕರೆಸಿ ಓದಿಸಿದೆವು. ಧ್ವನಿ ಚೆನ್ನಾಗಿತ್ತು, ಕನ್ನಡವೂ ಶುದ್ಧ. ಆದರೆ ಮೊಣಕಾಲಿನ ಬಗ್ಗೆ ಓದುವಾಗ ಆ ಅಂಗ ತನಗೂ ಇದೆ ಎನ್ನುವುದು ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಹದಿನೈದು ದಿನದೊಳಗೆ ದೇವೇಂದ್ರಪ್ಪ ಬಾರದಿದ್ದರೆ ಮೊದಲ ಕಂತಿನಿಂದ ಎಲ್ಲವನ್ನೂ ಮನೋಜನ ಕೈಲೇ ಮತ್ತೆ ಓದಿಸಬೇಕು ಎಂದು ತೀರ್ಮಾನವಾಯಿತು. ಎಂದರೆ ದೇವೇಂದ್ರಪ್ಪ ಓದಿದ ಆರೂ ಕಂತು ಕಸದ ಬುಟ್ಟಿಗೆ.

ನನಗೆ ತಿಪ್ಪೇಸ್ವಾಮಿಯ ಮೇಲೆ ಸಿಟ್ಟು ಬಂತು. ಮೊದಲ ದಿನವೇ ಹೇಳಿದ್ದರೆ ಆ ದಿನದ ಮಟ್ಟಿಗೆ ನೋವಾಗಿ ಮುಗಿಯುತ್ತಿತ್ತು ಎಂದು ರೇಗಿದೆ. "ಮೇಡಂ, ಮುದುಕರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲ್ವಾ? ನಾನು ಧ್ವನಿಗೆ ಹಾಕಿದೆ ಅಷ್ಟೇ," ಎಂದ. ಕನ್ನಡಕ ಹಾಕಿಕೊಂಡವನಿಗೆ ತಾನು ಹಾಕಿಕೊಂಡಿರುವುದು ಗೊತ್ತಿರುತ್ತಪ್ಪ, ಎಂದೆ. ಅವನು ಕೆಟ್ಟದ್ದು ಮಾಡಿದ್ದಲ್ಲ ಎಂದು ನನಗೂ ಗೊತ್ತಿತ್ತು. ಆ ಎರಡು ವರ್ಷ ದೇವೇಂದ್ರಪ್ಪ ಎಷ್ಟು ಸಂತೋಷವಾಗಿದ್ದರು ಎನ್ನುವುದನ್ನು ನಾನೇ ನೋಡಿದ್ದೆ. ಆದರೂ ಒಬ್ಬ ಮನುಷ್ಯನಿಗೆ ತನ್ನ ಧ್ವನಿ ಏನಾಗಿದೆ ಎನ್ನುವುದು ತನಗೊಬ್ಬನಿಗೇ ಗೊತ್ತಿಲ್ಲದ ಹಾಗೆ ಮಾಡುವುದು ಉಪಕಾರವೇ? ಇಂದಿಗೂ ನನಗೆ ಬಗೆಹರಿದಿಲ್ಲ.

ಗಡುವು ಮುಗಿಯಲು ಇನ್ನೆರಡು ದಿನ ಇರುವಾಗ ದೇವೇಂದ್ರಪ್ಪ ತಾವೇ ತಿಪ್ಪೇಸ್ವಾಮಿಗೆ ಫೋನ್ ಮಾಡಿದರು. ಹೇಳಿದ್ದು ಇಷ್ಟೇ: "ಭಾನುವಾರ ಆ ಡಬ್ಬಾ ಮನೆಗೆ ತಗೊಂಡು ಬಾ. ಅದು ಏನ್ ಮಾಡುತ್ತೆ ಅಂತ ನನಗೆ ತೋರಿಸು."

ಭಾನುವಾರ ತಿಪ್ಪೇಸ್ವಾಮಿ ಪೀತಮ್‌ಪುರದಿಂದ ಬಸ್ಸಿನಲ್ಲಿ ಜನಕಪುರಿಗೆ ಬಂದ, ಅಲ್ಲಿಂದ ನಾವಿಬ್ಬರೂ ಮೆಟ್ರೋ ಹಿಡಿದೆವು. ಡಬ್ಬಾವನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ತಪಾಸಣೆಯ ಪೊಲೀಸಿನವನು ಬಿಚ್ಚಿಸಿ, ಇದೇನು ಎಂದು ಕೇಳಿದ. "ಆವಾಜ್ ಧೋನೇ ಕೀ ಮಷೀನ್," ಧ್ವನಿ ತೊಳೆಯುವ ಯಂತ್ರ, ಎಂದ ತಿಪ್ಪೇಸ್ವಾಮಿ. ಪೊಲೀಸಿನವನು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಹೋಗು ಎಂದ.

ದ್ವಾರಕಾದ ಸೊಸೈಟಿಯಲ್ಲಿ ಅವರದು ಎರಡನೇ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದ ದೇವೇಂದ್ರಪ್ಪ ಸಣ್ಣಗಾಗಿದ್ದರು. ಬನ್ನಿ ಎಂದು ಕೈ ತೋರಿಸಿದರೇ ಹೊರತು ಬಾಯಿ ತೆರೆಯಲಿಲ್ಲ. ಸುಶೀಲಮ್ಮ ಹಾಲು ತರಲು ಕೆಳಗೆ ಹೋಗಿದ್ದರು. ಮಗಳು ಹರ್ಷಿಣಿ ಕಾಲೇಜಿನಲ್ಲಿ ಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದಳು. ಕ್ಯಾಮೆರಾ ಜೋಡಿಸಲೆಂದು ಅವಳ ಕಂಪ್ಯೂಟರಿನಲ್ಲಿ ಡಬ್ಬಾಕ್ಕೆ ಬೇಕಾದ ಪೋರ್ಟೇ ಇತ್ತು. "ಅಂಕಲ್, ಯೇ ಕೇಬಲ್ ತೋ ಮೇರೇ ಕ್ಯಾಮೆರಾ ವಾಲಾ ಹೀ ಹೈ, ಸೇಮ್ ಇದೆ," ಎಂದು ಖುಷಿಪಟ್ಟಳು. ತಿಪ್ಪೇಸ್ವಾಮಿ ತಂತ್ರಾಂಶ ಹಾಕಿ, ಕಂಪ್ಯೂಟರ್ ಆರಿಸಿ, ತಂತಿ ಸಿಕ್ಕಿಸಿ, ಮತ್ತೆ ಹೊತ್ತಿಸಿದ. ನೀಲಿ ದೀಪ ಬಂತು. ಡಬ್ಬಾಕ್ಕೆ ಇದು ಮೂರನೇ ಕಂಪ್ಯೂಟರು, ಅದು ಯಾವ ತಕರಾರೂ ಮಾಡಲಿಲ್ಲ.

ಮೈಕನ್ನು ಮುಂದಿಟ್ಟು, "ಏನಾದ್ರೂ ಹೇಳಿ ಸರ್," ಎಂದ.

ದೇವೇಂದ್ರಪ್ಪ ಬಹಳ ಹೊತ್ತು ಮೈಕ್ ನೋಡುತ್ತ ಕೂತರು. ಸ್ಕ್ರಿಪ್ಟಿಲ್ಲದೆ ಮೈಕಿನ ಮುಂದೆ ಅವರು ಮಾತಾಡಿದವರೇ ಅಲ್ಲ. ಕೊನೆಗೆ ಮನೆಯಲ್ಲಿ ದಿನವೂ ಹೇಳುವ ಮಾತೊಂದು ತಾನಾಗಿ ಬಂತು: "ಸುಶೀಲಾ, ಕಾಫಿ ಆಯ್ತಾ? ಸರಳಾ ಅವರು ಬಂದಿದ್ದಾರೆ." ಹೇಳಿ ಮುಗಿಸಿ ತುಟಿ ಬಿಗಿದುಕೊಂಡರು.

ಅಷ್ಟರಲ್ಲಿ ಸುಶೀಲಮ್ಮ ಹಾಲು ಹಿಡಿದು ಬಂದರು. ನಮಗೆ ನಮಸ್ಕಾರ ಮಾಡಿ, ಕಾಫಿ ತರುತ್ತೇನೆಂದು ನೇರ ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದು ಕೇಳತೊಡಗಿತು.

"ಇದು ಡಬ್ಬಾದ ಜೊತೆಗೆ, ಸರ್," ಎಂದು ತಿಪ್ಪೇಸ್ವಾಮಿ ಗುಂಡಿ ಒತ್ತಿದ. ಸ್ಪೀಕರಿನಿಂದ ಆ ದೊಡ್ಡ, ದುಂಡು ಧ್ವನಿ ಕರೆಯಿತು: ಸುಶೀಲಾ, ಕಾಫಿ ಆಯ್ತಾ? ಬಾಗಿಲು ಹಾಕಿರಲಿಲ್ಲ, ಅಡುಗೆಮನೆ ಮೂರು ಹೆಜ್ಜೆಯಾಚೆ. ಒಳಗೆ ಪಾತ್ರೆಯ ಸದ್ದು ನಿಲ್ಲಲಿಲ್ಲ. ದೇವೇಂದ್ರಪ್ಪ ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಇನ್ನೊಮ್ಮೆ ಹಾಕಿದ, ಸ್ವಲ್ಪ ಜೋರಾಗಿ. ನಲ್ಲಿ ತಿರುಗಿಸಿದ ಸದ್ದು ಬಂತು, ಅಷ್ಟೇ.

"ಇದು ಡಬ್ಬಾ ಇಲ್ಲದೆ," ಎಂದು ತಿಪ್ಪೇಸ್ವಾಮಿ ಹಿಂಜರಿಯುತ್ತ ಇನ್ನೊಂದು ಗುಂಡಿ ಒತ್ತಿದ.

ಸುಶೀಲಾ ಎನ್ನುವುದರಲ್ಲಿ ಎರಡು ಸಿಳ್ಳೆ. ಕಾಫಿ ಆಯ್ತಾ ಎನ್ನುವಾಗ ಇಳಿದ ಉಸಿರು.

ಒಳಗೆ ಲೋಟವೊಂದು ಬಿದ್ದ ಸದ್ದಾಯಿತು. ಸುಶೀಲಮ್ಮ ಒದ್ದೆ ಕೈಯಲ್ಲೇ, ಹಾಲಿನ ಪಾತ್ರೆ ಹಿಡಿದುಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತರು. ನಮ್ಮನ್ನು ಯಾರನ್ನೂ ನೋಡಲಿಲ್ಲ. "ಕರೆದ್ರಾ?" ಎಂದು ಗಂಡನನ್ನು ಕೇಳಿದರು. ಕಣ್ಣು ತುಂಬಿತ್ತು. "ಕರೆದ್ರಿ ಅಲ್ವಾ? ಈಗ ಬಾಯಿ ಬಿಟ್ರಲ್ಲ?"

ದೇವೇಂದ್ರಪ್ಪ ಕಂಪ್ಯೂಟರ್ ನೋಡಿದರು, ಹೆಂಡತಿಯನ್ನು ನೋಡಿದರು. "ಅದಕ್ಕೂ ಮುಂಚೆ ಎರಡು ಸಲ ಕರೆದಿದ್ದೆ," ಎಂದರು. ಹೆಂಡತಿಯ ಜೊತೆ ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು ಅದು. "ಸ್ವಲ್ಪ ಜೋರಾಗೇ ಕರೆದಿದ್ದೆ, ಸುಶೀಲಾ. ಕೇಳಿಸ್ಲಿಲ್ವಾ?"

"ಕೇಳಿಸ್ತು. ಕಂಪ್ಯೂಟರಲ್ಲಿ ಯಾರೋ ಯಾರನ್ನೋ ಕರೀತಿದ್ರು," ಎಂದರು ಸುಶೀಲಮ್ಮ. "ನನ್ನನ್ನ ಅಂತ ನನಗೇನು ಗೊತ್ತು?"

ನನಗೆ ಅಳು ಬಂತು, ಅದನ್ನು ಮುಚ್ಚಿಡುವ ಮನಸ್ಸಾಗಲಿಲ್ಲ. ದೇವೇಂದ್ರಪ್ಪ ಎದ್ದು ಹೋಗಿ ಹೆಂಡತಿಯ ಕೈಯಿಂದ ಹಾಲಿನ ಪಾತ್ರೆ ಇಸಿದುಕೊಂಡು, ಮತ್ತೆ ತಿಪ್ಪೇಸ್ವಾಮಿಯ ಕಡೆ ತಿರುಗಿದರು. "ಹಳೇ ಆರು ಕಂತು ಡಬ್ಬಾ ಇಲ್ಲದೆ ಸಿಗುತ್ತೇನಪ್ಪ?"

"ಮೂಲ ಎಲ್ಲಾ ಹಾಗೇ ಇದೆ ಸರ್. ಡಬ್ಬಾ ಅದನ್ನ ಮುಟ್ಟಿಲ್ಲ."

"ಹಾಗಾದ್ರೆ ಮೊದಲ ಕಂತನ್ನ ಹಾಗೇ ಇಲಾಖೆಗೆ ಕಳಿಸು. ಓದ್ತಿರೋನು ಮುದುಕ ಅಂತ ಹೇಳು. ಬೇಡ ಅಂದ್ರೆ ಆ ಹುಡುಗನ್ನ ಕರೀರಿ, ಮೊಣಕಾಲು ನೋವು ಅಂದ್ರೇನು ಅಂತ ನಾನೇ ಬಂದು ಹೇಳಿಕೊಡ್ತೀನಿ."

ಇಲಾಖೆಯವರು ಬೇಡ ಎನ್ನಲಿ ಎಂದು ಗುಲಾಟಿ ಕಾದ, ಬೇಡ ಎಂದರೆ ಯಾರ ಜೊತೆ ಜಗಳ ತೆಗೆಯಬೇಕೆಂದು ನಾನು ಕಾದೆ. ಮೂರನೇ ದಿನ ಅಲ್ಲಿಂದ ಬಂದದ್ದು ಮುಂದುವರಿಸಿ ಎಂಬ ಒಂದೇ ಮಾತು. ಅವರಿಗೆ ಇಷ್ಟವಾಯಿತೋ, ಗಮನಿಸಲೇ ಇಲ್ಲವೋ, ನನಗೆ ಗೊತ್ತಿಲ್ಲ. ಏಳನೇ ಕಂತಿಗೆ ದೇವೇಂದ್ರಪ್ಪ ಬಂದರು, ಸುಶೀಲಮ್ಮನೂ ಜೊತೆಗೆ ಬಂದರು, ಇಷ್ಟು ವರ್ಷದಲ್ಲಿ ಮೊದಲ ಸಲ. ಗಾಜಿನ ಈಚೆ ನನ್ನ ಪಕ್ಕದಲ್ಲಿ ಕೂತು, ಗಂಡ ಓದುವುದನ್ನು ಕೊನೆಯವರೆಗೆ ಕೇಳಿದರು. ಓದಿ ಹೊರಗೆ ಬಂದ ದೇವೇಂದ್ರಪ್ಪ, "ಹಾಕಪ್ಪ, ಕೇಳೋಣ," ಎನ್ನಲಿಲ್ಲ. ಹೆಂಡತಿಯನ್ನು ಕೇಳಿದರು: "ಹೇಗಿತ್ತು?"

"ಮನೇಲಿ ಮಾತಾಡಿದ ಹಾಗಿತ್ತು," ಎಂದರು ಸುಶೀಲಮ್ಮ.

"ಹಾಗಾದ್ರೆ ಸರಿ," ಎಂದು ಅವರು ಎಂಟನೇ ಕಂತಿನ ಹಾಳೆಗಳಿಗಾಗಿ ನನ್ನ ಕಡೆ ಕೈ ಚಾಚಿದರು.